ಹಾರ್ಲೆಮ್‌ನ ಡಬ್ಬಿಯಿಂದ ಸರಸ್ವತಿಪುರಂ ಮನೆಯ ಬೀರುವಿಗೆ

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯ ಬೀರುವಿನಲ್ಲಿ ಒಂದು ಅರೆಯನ್ನು ಮೂಕಿ ಚಿತ್ರಗಳ ಡಿವಿಡಿಗಳಿಗೆಂದೇ ಇಟ್ಟಿದ್ದೇನೆ. ಅವುಗಳಲ್ಲಿ ನಾನು ಅತ್ಯಂತ ಜೋಪಾನ ಮಾಡುವುದು 1922ರ ‘ಬಿಯಾಂಡ್ ದಿ ರಾಕ್ಸ್’ ಚಿತ್ರವನ್ನು. ಹಾಲಿವುಡ್ ತಾರೆಯರಾದ ಗ್ಲೋರಿಯಾ ಸ್ವಾನ್ಸನ್ ಮತ್ತು ರುಡಾಲ್ಫ್ ವ್ಯಾಲೆಂಟಿನೊ ಜೊತೆಯಾಗಿ ನಟಿಸಿದ ಏಕೈಕ ಚಿತ್ರವಿದು. ಒಂದು ಚಿಕ್ಕ ತುಣುಕಿನ ಹೊರತು ಉಳಿದುದೆಲ್ಲ ಹಾಳಾಯಿತೆಂದೇ ದಶಕಗಳ ಕಾಲ ನಂಬಲಾಗಿತ್ತು. ಹಾಲೆಂಡಿನ ಹಾರ್ಲೆಮ್ ಊರಿನ ಸಂಗ್ರಾಹಕರೊಬ್ಬರು ತೀರಿಕೊಂಡ ಮೇಲೆ ಅವರು ಕೂಡಿಟ್ಟಿದ್ದ ಡಬ್ಬಿಗಳು ಆ ದೇಶದ ಚಲನಚಿತ್ರ ಸಂಗ್ರಹಾಲಯವನ್ನು ಸೇರಿ, ಅವುಗಳನ್ನು ಒಂದೊಂದಾಗಿ ಬಿಚ್ಚಿ ನೋಡುವಾಗ ಇದರ ಸುರುಳಿಗಳು ಬೇರೆ ಬೇರೆ ಡಬ್ಬಿಗಳಲ್ಲಿ ಸಿಕ್ಕವು. 2005ರಲ್ಲಿ ದುರಸ್ತಿಯಾದ ಪ್ರತಿ ಮತ್ತೆ ತೆರೆಯ ಮೇಲೆ ಬಂದಿತು. ಆ ಕಾಲದ ಚಿತ್ರಗಳಿಗೆ ಬಳಸುತ್ತಿದ್ದ ನೈಟ್ರೇಟ್ ಫಿಲ್ಮು ಕಿಡಿ ತಗುಲಿದರೆ ಉರಿದುಹೋಗುತ್ತದೆ, ಸುಮ್ಮನೆ ಇಟ್ಟರೂ ಅಂಟಾಗಿ ಕೊನೆಗೆ ಪುಡಿಯಾಗುತ್ತದೆ. ಹೀಗಿರುವಾಗ ಅದು ಉಳಿದದ್ದನ್ನು ನೆನೆದರೆ ನನಗೆ ಇಂದಿಗೂ ಮೈ ನವಿರೇಳುತ್ತದೆ.

ಕಥೆಯಲ್ಲಿ ನಾಯಕಿಯ ತಂದೆ ಮನೆತನವಿದ್ದೂ ಹಣವಿಲ್ಲದ ನಿವೃತ್ತ ಕ್ಯಾಪ್ಟನ್. ಆಕೆ ಮದುವೆಯಾಗುವುದು ದಿನಸಿ ಅಂಗಡಿಯಲ್ಲಿ ದುಡಿದು ಕೋಟ್ಯಧೀಶನಾದ, ವಯಸ್ಸು ಮೀರಿದ ವ್ಯಕ್ತಿಯನ್ನು. ಮನಸ್ಸು ಕೊಡುವುದು ಹಣ, ಮನೆತನ ಎರಡೂ ಇರುವ ಯುವ ಪ್ರಭುವಿಗೆ. ಇಬ್ಬರಿಗೂ ಆಕೆ ಬರೆದ ಪತ್ರಗಳನ್ನು ಅಸೂಯೆಯುಳ್ಳ ಹೆಣ್ಣೊಬ್ಬಳು ಅದಲು ಬದಲು ಮಾಡುವುದರಿಂದ ಗುಟ್ಟು ರಟ್ಟಾಗುತ್ತದೆ. ಆಲ್ಪ್ಸ್ ಪರ್ವತದಲ್ಲಿ ನಾಯಕಿ ಜಾರಿಬೀಳುವ ದೃಶ್ಯ ಸಾಧಾರಣವಾದುದು, ಅದನ್ನು ನಾನು ಹೊಗಳಲಾರೆ. ಆದರೆ ಅಂಗಡಿಯವನಾಗಿದ್ದ ಆ ಗಂಡನನ್ನು ಚಿತ್ರ ಖಳನನ್ನಾಗಿ ಮಾಡುವುದಿಲ್ಲ. ಪತ್ರ ಓದಿ ವಿಷಯ ತಿಳಿದ ಮೇಲೆ ಆತ ಹೆಂಡತಿಯ ದಾರಿಯಿಂದ ತಾನಾಗಿ ಸರಿದು ಆಫ್ರಿಕಾದ ಮರುಭೂಮಿಗೆ ಹೊರಟುಬಿಡುತ್ತಾನೆ. ವರ್ಗಭೇದದ ನೋವನ್ನು ಪ್ರೇಮಿಗಳಿಗಿಂತ ಆತನ ಮೂಲಕವೇ ಈ ಚಿತ್ರ ಆಳವಾಗಿ ಹೇಳಿದೆಯೆಂಬುದು ನನ್ನ ಅಭಿಪ್ರಾಯ.

ಇಂಥದೇ ಇನ್ನೊಂದು ಪ್ರೇಮಕಥೆ ನಮ್ಮದೇ ಪರಂಪರೆಯಲ್ಲಿದೆ. ಬಡವ ಚಾರುದತ್ತನಿಗೆ ಸಿರಿವಂತೆ ವಸಂತಸೇನೆ ಒಲಿಯುವ ಮೃಚ್ಛಕಟಿಕವನ್ನು ಮೋಹನ್ ಭವನಾನಿಯವರು 1931ರಲ್ಲಿ ಮೂಕಿ ಚಿತ್ರವಾಗಿ ತೆಗೆದರು. ಕಮಲಾದೇವಿ ಚಟ್ಟೋಪಾಧ್ಯಾಯ, ಕೈಲಾಸಂ ಅವರು ಅದರಲ್ಲಿ ನಟಿಸಿದ್ದರು. ವರ್ಷಗಳಿಂದ ಹುಡುಕಿದರೂ ಅದರ ಒಂದು ದೃಶ್ಯವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾರ್ಲೆಮ್‌ನಲ್ಲಿ ಸಿಕ್ಕ ಪ್ರತಿಯಲ್ಲಿ ದೃಶ್ಯಗಳ ನಡುವೆ ಬರುವ ಬರಹ ಡಚ್ ಭಾಷೆಯದು, ನನ್ನ ಡಿವಿಡಿಯದು ಇಂಗ್ಲಿಷ್. ನಮ್ಮ ತಾಯಿಗೆ ಎರಡೂ ಬಾರದು. ಕಳೆದ ಮಳೆಗಾಲದ ಒಂದು ಸಂಜೆ ಅವರನ್ನು ಕೂರಿಸಿ ಈ ಚಿತ್ರ ತೋರಿಸಿದೆ. ಮದುವೆಯ ಭಾಗ ಬಂದಾಗ ಅವರು, “ಮನೆ ಉಳೀಲಿ ಅಂತ ಹುಡುಗೀನ ಕೊಟ್ಟುಬಿಟ್ರು, ಅಲ್ವೇನೋ?” ಎಂದರು. ಆ ಗಂಡ ಪತ್ರ ಹಿಡಿದು ಕುಳಿತಾಗ ಮಾತ್ರ ಏನೂ ಹೇಳದೆ ಸೆರಗಿನಿಂದ ಕಣ್ಣೊರೆಸಿಕೊಂಡರು.