ಡಿಸ್ಚಾರ್ಜ್ ಮಾಡುವಾಗ ಕೇಳಬೇಕಾದ್ದು: ತಾಸಿಗೆ ಎಷ್ಟು ಪ್ಯಾಡ್?

ಹುಬ್ಬಳ್ಳಿ ಕಡೆಯ ಹೆರಿಗೆ ವಾರ್ಡುಗಳಲ್ಲಿ ಡಿ ಅಂಡ್ ಸಿ ಅಂದರೆ ‘ಚೀಲ ಕ್ಲೀನ್ ಮಾಡೋದು’, ಗರ್ಭಚೀಲದ ಒಳಪದರ ಕೆರೆದು ತೆಗೆಯುವ ಸಣ್ಣ ಆಪರೇಷನ್. ಬೆಳಿಗ್ಗೆ ಆದರೆ ಎಷ್ಟೋ ಜನ ಸಂಜೆಗೆ ಮನೆಗೆ. ಕುಂದಗೋಳ, ನವಲಗುಂದದ ಬಸ್ಸು ಹಿಡಿಯುವ ಅವಸರದಲ್ಲಿರುವ ಹೆಣ್ಣುಮಗಳಿಗೆ ಸಿಗುವುದು ನರ್ಸ್ ಹೇಳುವ ನಾಲ್ಕು ಮಾತು ಮಾತ್ರ.

ಆಪರೇಷನ್ ಆದಮೇಲೆ ಹೋಗುವುದು ಮುಟ್ಟಿನ ರಕ್ತವಲ್ಲ. ಇದನ್ನು ಮೊದಲು ಬಿಡಿಸಿ ಹೇಳಬೇಕು. ಒಳಪದರ ಕೆರೆದ ಜಾಗ ಮಾಯುವಾಗ ಒಂದೆರಡು ವಾರ ಬಿಟ್ಟುಬಿಟ್ಟು ಹೋಗುತ್ತದೆ, ಕೆಂಪು ಹೋಗಿ ಕಂದಾಗುತ್ತದೆ. ಪದರ ಮತ್ತೆ ಬೆಳೆದು ನಿಜವಾದ ಮುಟ್ಟು ಬರಲು ಸಾಮಾನ್ಯವಾಗಿ 4ರಿಂದ 6 ವಾರ. ಆಪರೇಷನ್ ತಾರೀಖಿಗೆ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ, ಲೆಕ್ಕ ಅಲ್ಲಿಂದ.

‘ಬ್ಲೀಡಿಂಗ್ ಹೆಂಗೈತ್ರಿ?’ ಎಂದು ಕೇಳಿದರೆ ‘ಭಾಳ ಐತ್ರಿ ಸಿಸ್ಟರ್’ ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ‘ತಾಸಿಗೆ ಎಷ್ಟು ಪ್ಯಾಡ್ ತೋಯ್ತಾವ್ರಿ?’ ಎಂದು ಕೇಳಿ. ತಾಸಿಗೊಂದು ಪ್ಯಾಡ್ ಪೂರ್ತಿ ತೊಯ್ದು, ಹಾಗೆ ಎರಡು ತಾಸು ನಡೆದರೆ ನಡುರಾತ್ರಿಯಾದರೂ ದವಾಖಾನೆಗೆ ಬರಬೇಕು. 100.4 ಡಿಗ್ರಿ ಜ್ವರ, ಕೆಟ್ಟ ವಾಸನೆ, ಗುಳಿಗೆಗೂ ಜಗ್ಗದ ಕಿಬ್ಬೊಟ್ಟೆ ನೋವು ಬಂದರೂ ಅಷ್ಟೆ. ಬಟ್ಟೆಯಲ್ಲಿ ಈ ಲೆಕ್ಕ ಹತ್ತುವುದಿಲ್ಲ, ಮಡಿಕೆ ಹೆಚ್ಚಾದಷ್ಟೂ ಹೀರಿಕೊಳ್ಳುತ್ತದೆ. ಅದಕ್ಕೇ ಎರಡು ವಾರಕ್ಕೆ ಸಾಕಾಗುವಷ್ಟು ಪ್ಯಾಡ್ ಕೊಟ್ಟೇ ಕಳಿಸಬೇಕು ಅನ್ನುವುದು ನಮ್ಮ ಪಟ್ಟು. ಒಳಗಿಡುವ ಮುಟ್ಟಿನ ಕಪ್, ಟ್ಯಾಂಪನ್ ಸದ್ಯ ಬೇಡ, ಸೋಂಕು ಒಳಗೇರುತ್ತದೆ. ಗಂಡ ಹೆಂಡತಿ ಕೂಡುವುದೂ ಎರಡು ವಾರ ಬೇಡ. ಇದನ್ನು ಗಂಡನನ್ನೇ ಕರೆದು ಹೇಳಿ, ಅವಳ ತಲೆಗೆ ಕಟ್ಟಬೇಡಿ.

ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್ ಗುಳಿಗೆ ಬರೆದಿದ್ದರೆ ತುಂಬಿದ ಲೋಟ ನೀರಿನ ಜೊತೆ ನುಂಗಿ ಅರ್ಧ ತಾಸು ಅಡ್ಡಾಗಬಾರದು, ಅನ್ನನಾಳ ಸುಡುತ್ತದೆ. ಕಬ್ಬಿಣದ ಗುಳಿಗೆ ಚಹಾದ ಜೊತೆ ಬೇಡ. ನಿಂಬೆಹಣ್ಣಿನ ನೀರು ನಡೆಯುತ್ತದೆ. ಗರ್ಭ ಇಳಿದು (ಗರ್ಭಪಾತವಾಗಿ) ಬಂದವರ ರಕ್ತ ನೆಗೆಟಿವ್ ಗುಂಪಿನದಾದರೆ, ಮುಂದಿನ ಗರ್ಭಕ್ಕೆ ತೊಂದರೆಯಾಗದಂತೆ ಕೊಡುವ ಆ್ಯಂಟಿ ಡಿ ಸೂಜಿ 72 ತಾಸಿನೊಳಗೆ ಬೀಳಬೇಕು, ಕಾರ್ಡು ತೆರೆದು ನೋಡಿ.

ಹೆಚ್ಚು ರಕ್ತಕ್ಕೆ ಎಲ್ಲರೂ ಹೆದರುತ್ತಾರೆ, ರಕ್ತವೇ ಬಾರದಿದ್ದರೆ ‘ಆರಾಮಾತು’ ಅಂದುಕೊಂಡು ಸುಮ್ಮನಿರುತ್ತಾರೆ. 8 ವಾರವಾದರೂ ಮುಟ್ಟು ಬರದಿದ್ದರೆ ಮೊದಲು ಗರ್ಭದ ಪರೀಕ್ಷೆ, ಯಾಕೆಂದರೆ ಗರ್ಭ ಇಳಿದ ಎರಡು ಮೂರು ವಾರಕ್ಕೇ ಅಂಡ ಬಿಡುಗಡೆಯಾಗಬಹುದು. ಅದು ಇಲ್ಲವೆಂದಾಗಿ, ತಿಂಗಳಿಗೊಮ್ಮೆ ಹೊಟ್ಟೆ ಹಿಂಡಿದರೂ ರಕ್ತ ಕಾಣದಿದ್ದರೆ ಚೀಲದ ಬಾಯಿ ಮುಚ್ಚಿರಬಹುದು, ಇಲ್ಲವೇ ಒಳಗೋಡೆಗಳು ಒಂದಕ್ಕೊಂದು ಅಂಟಿರಬಹುದು. ಚೀಲದೊಳಗೆ ಸಣ್ಣ ದೂರ್ಬೀನು ಹಾಕಿ ನೋಡಿ ಅದನ್ನು ಬಿಡಿಸಲು ಬರುತ್ತದೆ. ‘ಮುಟ್ಟು ಬರಲಿಲ್ಲಂದ್ರೂ ಬರ್ರಿ’ ಎಂದು ಕಾರ್ಡಿನ ಮೇಲೆ ತಾರೀಖು ಹಾಕಿ ಬರೆದುಕೊಡಿ.