ಕೈಲಾಸಕ್ಕೆ ಹೊರಟವರು ಅಂಜನಾದ್ರಿ ಹತ್ತಿದರೆ ಸಾಕೆ?

ಕೊಪ್ಪಳ, ಗಂಗಾವತಿ ಕಡೆಯವರು ಕೈಲಾಸ ಯಾತ್ರೆಗೆ ತಯಾರಿ ಅಂತ ಅಂಜನಾದ್ರಿಯ 575 ಮೆಟ್ಟಿಲು ದಿನಾ ಹತ್ತುತ್ತಾರೆ. ಕಾಲಿಗೆ, ದಮ್ಮಿಗೆ ಒಳ್ಳೆಯದೇ. ಆದರೆ ಎತ್ತರದ ಗಾಳಿ ಇಲ್ಲಿ ಅಭ್ಯಾಸ ಆಗೋದಿಲ್ಲ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್, ಮಾನಸ ಸರೋವರ 4,590, ಪರಿಕ್ರಮದ ದಾರಿಯಲ್ಲಿ ಅತಿ ಎತ್ತರದ ಘಟ್ಟ ಡೋಲ್ಮಾ ಲಾ 5,600 ದಾಟುತ್ತದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಇಲ್ಲಿಯ ಅರ್ಧ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಮೇಲೇರಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಪೂರ್ತಿ ವಿಶ್ರಾಂತಿ ಬೇಕು. ಹೆಲಿಕಾಪ್ಟರ್, ಜೀಪಿನಲ್ಲಿ ಸರಸರ ಏರುವ ಪ್ಯಾಕೇಜ್‌ಗಳು ಎಡವುವುದೇ ಇಲ್ಲಿ. ಗಟ್ಟಿಮುಟ್ಟಾದ ಹುಡುಗರೂ ಮಲಗಿಬಿಡುತ್ತಾರೆ. ಮೈಕಟ್ಟಿಗೂ ಈ ಎತ್ತರದ ಕಾಯಿಲೆಗೂ ಸಂಬಂಧವಿಲ್ಲ.

ತಲೆನೋವು, ವಾಕರಿಕೆ ಬಂದರೆ ಮುಂದೆ ಏರಬೇಡಿ. ಅನುಮಾನ ಬಂದರೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ರಾತ್ರಿಯಾದರೂ ಸರಿ, ಕೆಳಗಿಳಿಸಲೇಬೇಕು. ಸಿಲಿಂಡರ್ ಆಕ್ಸಿಜನ್ ಇಳಿಯುವ ತನಕದ ಆಸರೆ ಅಷ್ಟೇ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಗುಳಿಗೆ ಬಗ್ಗೆ ಊರಲ್ಲೇ ವೈದ್ಯರನ್ನು ಕೇಳಿ. ಸಲ್ಫಾ ಜಾತಿಯ ಔಷಧಿ ಒಗ್ಗದಿದ್ದರೆ (ಅಲರ್ಜಿ) ಮೊದಲೇ ಹೇಳಿ. ನಿದ್ದೆಗುಳಿಗೆ, ಮದ್ಯ ಎರಡೂ ಬೇಡ.

ಊಟದ ವಿಷಯ: ಸರೋವರದ ದಂಡೆಯಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ನಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕೈಹಿಡಿಯುತ್ತವೆ. ರೊಟ್ಟಿಯನ್ನು ಗಟ್ಟಿ ಡಬ್ಬಿಯಲ್ಲಿಡಿ, ಚೀಲದಲ್ಲಿಟ್ಟರೆ ಪುಡಿಯೇ ಗತಿ. ಖಾರ ಮಾತ್ರ ಕಡಿಮೆ ಹಾಕಿಸಿ.