ಇಂಜೆಕ್ಟರ್ ಬದಲಿಸಬೇಕಾ, ಇನ್ನೂ ಓಡಿಸಬಹುದಾ?

ಕಾರು ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಸರ್ವೀಸಿಗೆ ಬಿಟ್ಟಾಗಲೆಲ್ಲ ಒಂದೇ ಮಾತು: 'ಸರ್, ನಾಲ್ಕೂ ಇಂಜೆಕ್ಟರ್ ಹೊಸದು ಹಾಕಿಸಿಬಿಡಿ, ವಯಸ್ಸಾಯ್ತು.' ಇಂಜೆಕ್ಟರ್ ಅಂದರೆ ಸಿಲಿಂಡರಿನೊಳಗೆ ಡೀಸೆಲ್ ಸಿಡಿಸುವ ಪಿಚಕಾರಿ. ನನ್ನದು 1248 ಸಿಸಿ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಫ್ಯಾನು) ಡೀಸೆಲ್, ಫಿಯೆಟ್‌ನವರ ಮಲ್ಟಿಜೆಟ್ ಇಂಜಿನ್. ಒಂದು ಕಾಲಕ್ಕೆ ಮಾರುತಿ, ಟಾಟಾ, ಫಿಯೆಟ್ ಮೂರೂ ಕಂಪನಿಗಳ ಕಾರುಗಳಲ್ಲಿ ಇದು ಇರುತ್ತಿತ್ತು. 2020ರಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದು ಇದರ ಕಾಲ ಮುಗಿಯಿತು. ಆದರೆ ರಸ್ತೆಯಲ್ಲಿ ಇನ್ನೂ ಬೇಕಾದಷ್ಟು ಓಡಾಡುತ್ತಿವೆ. ಎಲ್ಲದರ ಇಂಜೆಕ್ಟರಿಗೂ ಈಗ ವಯಸ್ಸಾಗಿದೆ.

ಹೊಸದು ನಾಲ್ಕಕ್ಕೆ ಅರ್ಧ ಲಕ್ಷದ ಆಸುಪಾಸು ಹೇಳಿದರು. ಇವತ್ತು ಮಾರಿದರೆ ಕಾರಿಗೆ ಬರುವ ದುಡ್ಡು ನೆನೆಸಿಕೊಂಡರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಮೀಟರ್ ನೋಡಿ ಬದಲಿಸೋದಕ್ಕೆ ಇದೇನು ಇಂಜಿನ್ ಆಯಿಲ್ಲಾ? ಒಳ್ಳೆ ಡೀಸೆಲ್, ಹೊತ್ತಿಗೆ ಸರಿಯಾಗಿ ಫಿಲ್ಟರ್ ಸಿಕ್ಕರೆ ಇಂಜೆಕ್ಟರ್ ಬಹಳ ದೂರ ಓಡುತ್ತೆ. ನೀರು ಸೇರಿದ ಡೀಸೆಲ್ ಕುಡಿದರೆ ಅರ್ಧ ದಾರಿಗೇ ಕೈ ಎತ್ತುತ್ತೆ. ಹಾಗಾಗಿ ಎಷ್ಟು ಓಡಿದೆ ಅಂತ ಕೇಳೋದಕ್ಕಿಂತ ಹೇಗೆ ಕೆಟ್ಟಿದೆ ಅಂತ ಕೇಳಬೇಕು. ಕೆಡೋದು ಮುಖ್ಯವಾಗಿ ಎರಡು ತರ. ಒಂದಕ್ಕೆ ಸ್ವಲ್ಪ ಕಾಯಬಹುದು, ಇನ್ನೊಂದಕ್ಕೆ ಕಾಯಬಾರದು.

ನಾನಿರೋದು ಶಿರಸಿಯಲ್ಲಿ, ಹೆಂಡತಿಯ ತವರು ಕುಮಟಾ. ದೇವಿಮನೆ ಘಾಟಿ ಹತ್ತಿ ಇಳಿಯೋದು ಇದ್ದದ್ದೇ. ಬೆಳಗ್ಗೆ ಚಳಿಯಲ್ಲೂ ಕಾರು ಒಂದೇ ಸೆಲ್ಫ್‌ಗೆ ಎದ್ದು ಕೂರುತ್ತಿತ್ತು. ಘಾಟಿ ಹತ್ತಿ ಚಾ ಕುಡಿದು ಬಂದು ಕೀ ತಿರುಗಿಸಿದರೆ ಮಾತ್ರ ಗರಗರ ಅಂತ ಉದ್ದಕ್ಕೆ ಎಳೆದು, ಬೇಜಾರಾದವರ ಹಾಗೆ ಸ್ಟಾರ್ಟ್ ಆಗೋದು. ತಣ್ಣಗಿದ್ದಾಗ ತಕರಾರು ಮಾಡಿದರೆ ಸಿಲಿಂಡರ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ಮೇಲೆ ಅನುಮಾನ. ಬಿಸಿಯಿದ್ದಾಗ ಮಾಡಿದರೆ ಇಂಜೆಕ್ಟರಿನ ರಿಟರ್ನ್, ಅಂದರೆ ಸಿಡಿಯದೆ ವಾಪಸ್ ಹೋಗುವ ಡೀಸೆಲ್ ಎಷ್ಟು ಅಂತ ನೋಡಬೇಕು.

ಯಾಕೆ ಅಂದ್ರೆ, ಇಂಜೆಕ್ಟರಿನ ಒಳಗೆ ಸೂಜಿಯ ತಲೆ ಮೇಲೆ ಒಂದು ಪುಟ್ಟ ಕೋಣೆ ಇರುತ್ತೆ, ಅದನ್ನು ಮುಚ್ಚೋದಕ್ಕೆ ಒಂದು ಗುಂಡು. ಕರೆಂಟು ಬಂದಾಗ ಗುಂಡು ಏಳುತ್ತೆ, ಮೇಲಿನ ಒತ್ತಡ ರಿಟರ್ನ್ ಪೈಪಿಗೆ ಹೋಗುತ್ತೆ, ಸೂಜಿ ಎದ್ದು ಡೀಸೆಲ್ ಸಿಡಿಯುತ್ತೆ. ನಾಲ್ಕೂ ಇಂಜೆಕ್ಟರಿಗೆ ಡೀಸೆಲ್ ಕೊಡುವ ಪೈಪು, ಅಂದರೆ ಕಾಮನ್ ರೈಲ್‌ನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತೆ. ಅಷ್ಟು ಒತ್ತಡದಲ್ಲಿ ಕಣ್ಣಿಗೆ ಕಾಣದ ಧೂಳಿದ್ದರೂ ಗುಂಡು ಕೂರುವ ಸೀಟನ್ನು ಕೊರೆದುಹಾಕುತ್ತೆ. ಆಮೇಲೆ ಮುಚ್ಚಿದ್ದರೂ ಸೋರುತ್ತೆ. ಬಿಸಿ ಡೀಸೆಲ್ ತೆಳು, ಇನ್ನೂ ಜಾಸ್ತಿ ಸೋರುತ್ತೆ. ಸೆಲ್ಫ್ ಹೊಡೆಯುವಾಗ ಪಂಪು ತಿರುಗೋದೇ ನಿಧಾನ, ಸೋರಿಕೆ ದಾಟಿ ಒತ್ತಡ ಕಟ್ಟೋದಕ್ಕೆ ಆಗಲ್ಲ. ಒಮ್ಮೆ ಸ್ಟಾರ್ಟ್ ಆಯ್ತೋ, ಪಂಪು ಜೋರಾಗಿ ತಿರುಗಿ ಎಲ್ಲ ಸರಿಹೋದ ಹಾಗೆ ಕಾಣುತ್ತೆ.

ನಮ್ಮ ಊರಿನ ಮೆಕ್ಯಾನಿಕ್ ಇದನ್ನು ತೋರಿಸಿದ ರೀತಿ ನೋಡುವ ಹಾಗಿತ್ತು. ಬಾನೆಟ್ ಎತ್ತಿ, ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪ್ ಬಿಚ್ಚಿ, ಅಲ್ಲಿಗೆ ಆಸ್ಪತ್ರೆಯ ಸಲೈನ್ ಪೈಪ್ ಸಿಕ್ಕಿಸಿ, ಕೆಳಗೆ ನಾಲ್ಕು ಬಾಟಲಿ ಕಟ್ಟಿದ. ಇಂಜಿನ್ ಐಡಲ್‌ನಲ್ಲಿ ಬಿಟ್ಟ. ಮೂರು ಪೈಪಿನಲ್ಲಿ ಡೀಸೆಲ್ ತೆವಳಿಕೊಂಡು ಬಂತು. ಎರಡನೇ ಸಿಲಿಂಡರಿನದು ಮಾತ್ರ ಗುಳುಗುಳು ಅಂತ ಇಳಿದು, ಉಳಿದವು ತಳ ಮುಚ್ಚುವಷ್ಟರಲ್ಲಿ ಅರ್ಧ ಬಾಟಲಿ ತುಂಬಿಸಿತು. 'ನೋಡಿ ಮೇಷ್ಟ್ರೇ, ನಿಮ್ಮ ಆಸಾಮಿ ಇವನೇ. ಉಳಿದ ಮೂವರ ತಲೆ ಯಾಕೆ ತೆಗೀಬೇಕು?' ಅಂದ.

ಇದು ಕಾಯಬಹುದಾದ ಜಾತಿ. ದಾರಿಯಲ್ಲಿ ನಿಲ್ಲಿಸಿ ಮಾನ ಕಳೆಯಬಹುದು, ಇಂಜಿನ್ ಕಳೆಯಲ್ಲ.

ಕಾಯಬಾರದ್ದು ಕೆಳಗಿನ ತುದಿ, ಅಂದರೆ ನಾಝಲ್ ಹೋದಾಗ. ಸಣ್ಣ ಮಂಜಿನ ಹಾಗೆ ಸಿಡಿಯಬೇಕಾದ ಡೀಸೆಲ್ ಹನಿ ಹನಿಯಾಗಿ ಬೀಳುತ್ತೆ. ಒಂದೇ ಸಿಲಿಂಡರಿನಿಂದ ಟಕಟಕ ಸದ್ದು, ಐಡಲ್‌ನಲ್ಲೇ ಹೊಗೆ, ಕಣ್ಣು ಉರಿಯುವ ವಾಸನೆ. ಆ ಹನಿ ಪಿಸ್ಟನ್ ತಲೆಯ ಮೇಲೆ ಒಂದೇ ಜಾಗದಲ್ಲಿ ಉರಿದು ತೂತು ಕೊರೆಯಬಹುದು. ಉರಿಯದ ಡೀಸೆಲ್ ಸಿಲಿಂಡರಿನ ಗೋಡೆ ತೊಳೆದು ಕೆಳಗಿಳಿದು ಇಂಜಿನ್ ಆಯಿಲ್ ಸೇರುತ್ತೆ. ಟರ್ಬೊ ಇರುವ ಕಾರಿನವರು ನಿಜಕ್ಕೂ ಹೆದರಬೇಕಾದ್ದು ಇಲ್ಲಿ. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ತಿರುಗುತ್ತೆ, ಅದೂ ತೆಳ್ಳನೆ ಆಯಿಲ್ ಪದರದ ಮೇಲೆ ತೇಲಿಕೊಂಡು. ಡೀಸೆಲ್ ಬೆರೆತು ಆಯಿಲ್ ತೆಳುವಾದರೆ ಬೇರಿಂಗ್ ಎಷ್ಟು ದಿನ ತಡೆಯುತ್ತೆ? ಇಂಜೆಕ್ಟರಿಗೆ ಉಳಿಸಿದ ದುಡ್ಡು ಟರ್ಬೊಗೆ ಬಡ್ಡಿ ಸಮೇತ ಹೋಗುತ್ತೆ.

ಅದಕ್ಕೆ ನಾನು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ನೋಡ್ತಾ ಇರ್ತೀನಿ. ಆಯಿಲ್ ಕಮ್ಮಿಯಾಗೋದು ಗೊತ್ತಿರೋದೇ. ಹಾಕದೇನೇ ಮಟ್ಟ ಏರಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಅವತ್ತೇ ಕಾರು ನಿಲ್ಲಿಸಬೇಕು. ನನ್ನದರಲ್ಲಿ ಮಟ್ಟ ಏರಿರಲಿಲ್ಲ.

ಕಪ್ಪು ಹೊಗೆ ಬಂದ ತಕ್ಷಣ ಇಂಜೆಕ್ಟರ್ ಅನ್ನೋರ ಮಾತು ನಂಬಬೇಡಿ. ಟರ್ಬೊದಿಂದ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರಿಗೆ ಹೋಗುವ ಹೋಸ್ ಸೀಳಿದ್ದರೂ ಗಾಳಿ ಸಾಲದೆ ಅದೇ ಹೊಗೆ ಬರುತ್ತೆ, ಪಿಕಪ್ಪೂ ಸಾಯುತ್ತೆ. ಹೋಸಿನ ಮೇಲೆ ಆಯಿಲ್ ಜಿಡ್ಡು ಇದೆಯಾ ಅಂತ ಬೆರಳಾಡಿಸಿ ನೋಡಿ. ಚುಸ್ ಚುಸ್ ಸದ್ದು, ಇಂಜೆಕ್ಟರ್ ಬುಡದಲ್ಲಿ ಟಾರಿನಂಥ ಕರಿ ಇದ್ದರೆ ತಾಮ್ರದ ವಾಷರ್ ಹೋಗಿರಬಹುದು. ವಾಷರಿನ ಬೆಲೆ ಚಿಲ್ಲರೆ ಕಾಸು.

ಸೋರುತ್ತಿದ್ದದ್ದು ಒಂದೇ ಆದರೂ ನಾಲ್ಕನ್ನೂ ತೆಗೆಸಿ ಹುಬ್ಬಳ್ಳಿಯ ಇಂಜೆಕ್ಟರ್ ರಿಪೇರಿ ಅಂಗಡಿಗೆ ಒಯ್ದೆ. ವರ್ಷಗಟ್ಟಲೆ ಕೂತ ಇಂಜೆಕ್ಟರ್ ಕಾರ್ಬನ್ ಹಿಡಿದು ಹೆಡ್‌ನಲ್ಲಿ ಕಚ್ಚಿಕೊಂಡಿರುತ್ತೆ, ಕೀಳೋದೇ ಅರ್ಧ ದಿನದ ಕೆಲಸ. ಆ ಮಜೂರಿ ಎರಡೆರಡು ಸಲ ಕೊಡುವ ಆಸೆ ನನಗಿರಲಿಲ್ಲ. ಆ ಅಂಗಡಿಯ ಬೋರ್ಡಿನಲ್ಲಿ ಇನ್ನೂ ಮೈಕೊ ಅಂತಲೇ ಇದೆ, ಡೀಸೆಲ್ ಪಂಪು, ಇಂಜೆಕ್ಟರ್ ಮಾಡುವ ಬೆಂಗಳೂರು ಆಡುಗೋಡಿಯ ಮೈಕೊ ಕಂಪನಿ ಬಾಷ್ ಆಗಿದ್ದು 2008ರಲ್ಲಿ! ಬೋರ್ಡು ಹಳೆಯದಾದರೂ ಒಳಗಿನ ಟೆಸ್ಟ್ ಬೆಂಚ್ ಹೊಸದು. ಒಂದೊಂದನ್ನೇ ಬೆಂಚಿಗೆ ಕಟ್ಟಿ ಐಡಲ್ ಎಷ್ಟು, ಫುಲ್ ಲೋಡ್ ಎಷ್ಟು, ರಿಟರ್ನ್ ಎಷ್ಟು ಅಂತ ಚೀಟಿ ತೆಗೆದರು. 'ನಾಝಲ್ ನಾಕೂ ಚಲೋ ಅದಾವ್ರೀ ಸರ. ಎರಡನೇದ್ರ ವಾಲ್ವ್ ಪೂರಾ ಸವದೈತಿ, ನಾಕನೇದು ಅಂಚಿಗೆ ಬಂದೈತಿ. ಎರಡಕ್ಕ ವಾಲ್ವ್ ಸೆಟ್ ಹಾಕ್ತೀನಿ, ಉಳದಿದ್ದು ಹಂಗ ಇರ್ಲಿ' ಅಂದರು ಮಾಲೀಕರು. ವಾಲ್ವ್ ಅಂದರೆ ಅದೇ ಗುಂಡು, ಸೀಟು.

ಅಂಚಿಗೆ ಬಂದಿದ್ದನ್ನು ಹಾಗೇ ವಾಪಸ್ ಕೂರಿಸೋದು ಜುಗ್ಗತನ, ಚೆನ್ನಾಗಿರೋದನ್ನು ಬಿಸಾಕೋದು ಧಾರಾಳತನ. ಎರಡಕ್ಕೆ ಒಪ್ಪಿದೆ. ಹೊಸ ಇಂಜೆಕ್ಟರುಗಳ ಬೆಲೆಯ ಮುಂದೆ ಬಿಲ್ಲು ಏನೂ ಅಲ್ಲ. ನಾಝಲ್ ಹೋಗಿದ್ದರೆ ನಾಲ್ಕಕ್ಕೂ ಹಾಕಿಸುತ್ತಿದ್ದೆ; ನಾಲ್ಕೂ ಕುಡಿದಿರೋದು ಅದೇ ಡೀಸೆಲ್ ಅಲ್ವಾ.

ಕೂರಿಸುವಾಗ ಮೂರು ಕೆಲಸ ಬಿಡಬೇಡಿ. ತಾಮ್ರದ ವಾಷರ್ ಹೊಸದೇ ಆಗಬೇಕು, ಹಳೆಯದನ್ನು ಕಾಯಿಸಿ ಹಾಕ್ತೀನಿ ಅಂದರೆ ಬೇಡ ಅನ್ನಿ. ತಲೆ ಮೇಲೆ ಕೋಡ್ ಇರುವ ಇಂಜೆಕ್ಟರ್ ಆದರೆ ಅದನ್ನು ಸ್ಕ್ಯಾನರ್ ಹಚ್ಚಿ ಇಸಿಯುಗೆ (ಇಂಜಿನ್ನಿನ ಕಂಪ್ಯೂಟರಿಗೆ) ಹಾಕಿಸಿ. ಇಲ್ಲದಿದ್ದರೆ ಹೊಸದು ಹಾಕಿಯೂ ಇಂಜಿನ್ ನಡುಗುತ್ತೆ. ಡೀಸೆಲ್ ಫಿಲ್ಟರ್ ಅದೇ ದಿನ ಬದಲಿಸಿ. ನನ್ನ ಹಳೆ ಫಿಲ್ಟರನ್ನು ಬಿಳಿ ಬಟ್ಟಲಿಗೆ ಬಗ್ಗಿಸಿದಾಗ ಡೀಸೆಲ್ ಕೆಳಗೆ ಗೋಲಿ ಗಾತ್ರದ ನೀರಿನ ಗುಳ್ಳೆಗಳು ಓಡಾಡುತ್ತಿದ್ದವು. ಈಗ ಮಳೆಗಾಲಕ್ಕೆ ಮುಂಚೆ, ಮುಗಿದ ಮೇಲೆ, ಎರಡು ಸಲ ಫಿಲ್ಟರಿನ ನೀರು ಬಿಡಿಸುತ್ತೇನೆ. ಬೆಂಚಿನ ಚೀಟಿ ಡ್ಯಾಶ್‌ಬೋರ್ಡ್ ಡಬ್ಬದಲ್ಲಿದೆ. ಒಂದನೇ, ಮೂರನೇ ಇಂಜೆಕ್ಟರ್ ಮತ್ತೆ ಬೆಂಚಿಗೆ ಹೋದಾಗ ಹೋಲಿಸಿ ನೋಡೋದಕ್ಕೆ ಬೇಕಾಗುತ್ತೆ.